ವ್ಯಭಿಚಾರವೂ ರಾಜದಂಡವೂ

ಪಾಪವೆನಿಸಿದುದೆಲ್ಲವೂ ಅಪರಾಧವಾಗತಕ್ಕದ್ದೇ ಎಂಬ ಪ್ರಶ್ನೆ ನಮಗೆ ಹೊಸತಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾವ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನೋ ಆ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂದು ಮೂರು ಅಧ್ಯಾಯಗಳುಂಟು. ಪರಸ್ತ್ರೀಗಮನವು ಕೊನೆಯ ಎರಡರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಪ್ರಾಯಶ್ಚಿತ್ತದಲ್ಲಿ ಅದು ಉಪಪಾತಕ, ಮಾಡಿದವನೇ ವ್ರತದಿಂದ ಕಳೆದುಕೊಳ್ಳಬೇಕಾದ ಕಲ್ಮಷ. ವ್ಯವಹಾರದಲ್ಲಾದರೋ ಅದು ರಾಜನು ದಂಡಿಸತಕ್ಕ ವಿಷಯ. ಆದರೆ ಅಲ್ಲಿ ಹೆಣ್ಣು ಸವರ್ಣದವಳಾದರೆ ಹೆಚ್ಚಿನ ದಂಡ, ಕೆಳವರ್ಣದವಳಾದರೆ ಮಧ್ಯಮ ದಂಡ, ಮೇಲುವರ್ಣದವಳಾದರೆ ಪುರುಷನಿಗೆ ವಧೆ. ಒಂದೇ ಕಾಮ, ಒಂದೇ ದ್ರೋಹ; ತಕ್ಕಡಿಯಲ್ಲಿ ಏರಿಳಿದುದು ಪಾಪದ ತೂಕವಲ್ಲ, ವರ್ಣದ ತೂಕ. ಶೀಲರಕ್ಷಣೆಯ ಹೆಸರಿನಲ್ಲಿ ಹೊರಟ ರಾಜದಂಡವು ಕಾಯುವುದು ಶೀಲವನ್ನಲ್ಲ, ಯಾರದೋ ಒಡೆತನವನ್ನು ಎಂಬ ನನ್ನ ಶಂಕೆ ಹುಟ್ಟುವುದು ಇಲ್ಲಿಯೇ.

ಬ್ರಿಟಿಷರ ಸಂಹಿತೆಯು ಆ ಶಂಕೆಯನ್ನು ದೃಢಪಡಿಸಿತು. ಮೆಕಾಲೆಯ 1837ರ ಕರಡಿನಲ್ಲಿ ವ್ಯಭಿಚಾರವು ಅಪರಾಧವಾಗಿರಲಿಲ್ಲ. ಅನಂತರ ಬಂದವರು ಅದನ್ನು ಸೇರಿಸಿ, 1860ರ ದಂಡಸಂಹಿತೆಯಲ್ಲಿ 497ನೆಯ ಕಲಮಾಗಿ ನಿಲ್ಲಿಸಿದರು. ತಮ್ಮ ದೇಶದಲ್ಲಿ ಆಗ ಅಪರಾಧವಲ್ಲದುದನ್ನು ನಮಗಾಗಿ ಅಪರಾಧವಾಗಿಸಿದ ಅವರ ಧರ್ಮಶ್ರದ್ಧೆ ಮೆಚ್ಚತಕ್ಕದ್ದೇ! ಪರನ ಹೆಂಡತಿಯನ್ನು ಕೂಡಿದವನಿಗೆ ಐದು ವರ್ಷಗಳವರೆಗೆ ಸೆರೆ. ಆದರೆ ಗಂಡನು ಒಪ್ಪಿದ್ದರೆ ಅಪರಾಧವೇ ಇಲ್ಲ, ಹೊಲದೊಡೆಯನ ಅಪ್ಪಣೆ ಪಡೆದು ದನ ಮೇಯಿಸಿದವನ ಮೇಲೆ ದೂರಿಲ್ಲದಂತೆ. ವಿಧವೆಯನ್ನೋ ಅವಿವಾಹಿತೆಯನ್ನೋ ಕೂಡಿದ ಗೃಹಸ್ಥನಿಗೆ ಶಿಕ್ಷೆಯಿಲ್ಲ. ಅವನ ಕೈಹಿಡಿದವಳಿಗೆ ದೂರುವ ಅಧಿಕಾರವೂ ಇಲ್ಲ. ಇದು ದಾಂಪತ್ಯನಿಷ್ಠೆಯ ಶಾಸನವೆಂದರೆ ನಿಷ್ಠೆಯೆಂಬುದಕ್ಕೆ ಅರ್ಥವೇ ಉಳಿಯದು. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿಯೂ 1985ರಲ್ಲಿಯೂ ಇದನ್ನು ಎತ್ತಿಹಿಡಿದು, 2018ರ ಸೆಪ್ಟೆಂಬರ್ 27ರಂದು ಐವರು ನ್ಯಾಯಮೂರ್ತಿಗಳ ಒಮ್ಮತದಿಂದ ರದ್ದುಪಡಿಸಿತು.

ಸಮಾಜವನ್ನು ಒಂದಾಗಿ ಹಿಡಿದಿರುವುದು ಸಮಾನವಾದ ನೀತಿಶ್ರದ್ಧೆಯೇ, ಅದು ಸಡಿಲಿದರೆ ಸಮಾಜವೇ ಕುಸಿಯುವುದೆಂದು 1959ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಡೆವ್ಲಿನ್ ವಾದಿಸಿದುದುಂಟು. ಈ ವಾದವನ್ನು ಹಗುರವಾಗಿ ತಳ್ಳಲಾಗದು: ವ್ಯಭಿಚಾರದಿಂದ ಒಡೆದ ಮನೆಗಳಲ್ಲಿ ಮಕ್ಕಳು ಪಡುವ ಪಾಡು ಕಲ್ಪನೆಯಲ್ಲ. ಆದರೆ ಸೆರೆಮನೆಯ ಭಯದಿಂದ ಪರಸ್ತ್ರೀಯನ್ನು ತೊರೆದವನು ಏಕಪತ್ನೀವ್ರತನಾಗುವನೆ? ಭಯವು ಕೈಯನ್ನು ತಡೆಯಬಲ್ಲುದು, ಮನಸ್ಸನ್ನು ತಿರುಗಿಸಲಾರದು, ವ್ರತವು ಮನಸ್ಸಿನದು. ವಂಚಿತರಾದವರಿಗೆ ವಿಚ್ಛೇದನವೂ ಜೀವನಾಂಶವೂ ಉಂಟು, ಇರಲೂಬೇಕು. ನೊಂದವರಿಗೆ ಪರಿಹಾರ ಕೊಡುವುದು ನ್ಯಾಯದ ಕೆಲಸ, ಪಾಪಿಯನ್ನು ಶುದ್ಧಗೊಳಿಸುವುದು ಅದರ ಕೆಲಸವಲ್ಲ.

ಹಾಗಾದರೆ ಕಾಮದ ವಿಷಯದಲ್ಲಿ ದಂಡಕ್ಕೆ ಸ್ಥಾನವೇ ಇಲ್ಲವೆ? ಇದೆ, ಬಲಾತ್ಕಾರವಿರುವಲ್ಲಿ, ಎಳೆಯರಿರುವಲ್ಲಿ, ಸಮ್ಮತಿಯನ್ನು ಕಸಿದುಕೊಂಡಿರುವಲ್ಲಿ. ಅಲ್ಲಿ ದಂಡವು ಎಷ್ಟು ಕಠಿಣವಾದರೂ ಸಲ್ಲುತ್ತದೆ. ಆದರೆ ಸಮ್ಮತಿಯಿಂದ ಕೂಡಿದವರನ್ನು ನೂರೈವತ್ತಕ್ಕೂ ಹೆಚ್ಚು ವರ್ಷಕಾಲ ಸೆರೆಗೆ ಕಳುಹಿಸಲು ಸಿದ್ಧವಾಗಿದ್ದ ನಮ್ಮ ಶಾಸನವು, 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲಿಯೂ, ಹದಿನೆಂಟು ತುಂಬಿದ ಹೆಂಡತಿಯನ್ನು ಗಂಡನೇ ಬಲಾತ್ಕರಿಸಿದರೆ ಅದನ್ನು ಅತ್ಯಾಚಾರವೆಂದು ಕರೆಯುವುದಿಲ್ಲ.