ಬಾಡಿಗೆ ಮನೆ, ದಕ್ಷಿಣದ ಬಾಗಿಲು, ಆಷಾಢ

ಪ್ರಶ್ನೆ: ನಾವಿರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅತ್ತೆಯವರಿಗೆ ಮಂಡಿ ನೋವು. ಎಂಟು ತಿಂಗಳಿಂದ ಕೆಳಗೆ ಇಳಿದಿಲ್ಲ. ಎರಡು ತಿಂಗಳು ಸುತ್ತಿದ ಮೇಲೆ ಬಸವನಗುಡಿಯಲ್ಲಿ ನೆಲಮಹಡಿಯ ಬಾಡಿಗೆ ಮನೆಯೊಂದು ಸಿಕ್ಕಿದೆ. ಈಗ ಖಾಲಿಯೇ ಇದೆ. ಆದರೆ ಬಾಗಿಲು ದಕ್ಷಿಣಕ್ಕೆ, ನಾವು ಸಾಮಾನು ಸಾಗಿಸುವ ಹೊತ್ತಿಗೆ ಆಷಾಢ. ಮಾವನವರು ತೀರಿಕೊಂಡದ್ದು ದಕ್ಷಿಣ ಬಾಗಿಲಿನ ಮನೆಯಲ್ಲಿ ಅಂತ ಅತ್ತೆ ಹೆದರುತ್ತಾರೆ. ‘ಅಮ್ಮನಿಗೆ ಪೂರ್ವದ ಬಾಗಿಲು ಅಂತ ಹೇಳಿಬಿಡೋಣ’ ಎನ್ನುತ್ತಾರೆ ನಮ್ಮ ಯಜಮಾನರು. ಹೋಮ ಮಾಡಿಸಬೇಕೆ? ಗಂಡನಿಲ್ಲದವರು ಹಾಲು ಉಕ್ಕಿಸುವಾಗ ಎದುರಿಗೆ ಇರಬಾರದು ಎಂದು ನೆಂಟರು ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಸುಲಭದ್ದನ್ನು ಮೊದಲು ಮುಗಿಸೋಣ. ಮುಹೂರ್ತಗ್ರಂಥಗಳು ಗೃಹಪ್ರವೇಶವನ್ನು ಮೂರು ಬಗೆಯಾಗಿ ಹೇಳುತ್ತವೆ. ಹೊಸದಾಗಿ ಕಟ್ಟಿದ ಮನೆಗೆ ಹೋಗುವುದು ಅಪೂರ್ವ, ಪ್ರಯಾಣ ಮುಗಿಸಿ ಸ್ವಂತ ಮನೆಗೆ ಮರಳುವುದು ಸಪೂರ್ವ, ಬೆಂಕಿ ನೀರಿಗೆ ಹಾಳಾಗಿ ಮತ್ತೆ ಸರಿಮಾಡಿಸಿದ ಮನೆಗೆ ಹೋಗುವುದು ದ್ವಂದ್ವ. ವಾಸ್ತುಶಾಂತಿಯ ದೊಡ್ಡ ವಿಧಿ ಮನೆ ಕಟ್ಟಿಸಿದವರಿಗೆ ಸೇರಿದ್ದು. ಬಾಡಿಗೆಗೆ ಹೋಗುವವರು ಗಣಪತಿ ಪೂಜೆ, ಪುಣ್ಯಾಹ ಮಾಡಿಸಿ ಹಾಲು ಉಕ್ಕಿಸಿದರೆ ಸಾಕು. ಮನಸ್ಸಿಗೆ ಬೇಕು ಅನಿಸಿದರೆ ಗಣಹೋಮ ಮಾಡಿಸಿ, ಆದರೆ ಮಾಲೀಕರನ್ನು ಕೇಳಿಯೇ ಮಾಡಿಸಿ. ಗೋಡೆಗೆ ಹೊಗೆ ಹಿಡಿಯಿತು ಅಂತ ಮುಂದೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡರೆ ಆ ಜಗಳ ಹೋಮದ ಪುಣ್ಯಕ್ಕಿಂತ ಹೆಚ್ಚು ದಿನ ಉಳಿಯುತ್ತದೆ!

ಇನ್ನು ಆಷಾಢ. ಅದು ಕೆಟ್ಟ ತಿಂಗಳಲ್ಲ. ಚಾಮುಂಡಿ ಬೆಟ್ಟಕ್ಕೆ ಜನ ಮುಗಿಬೀಳುವುದು ಆಷಾಢ ಶುಕ್ರವಾರಗಳಲ್ಲೇ; ಪ್ರಥಮೇಕಾದಶಿ, ಗುರುಪೂರ್ಣಿಮೆ ಬರುವುದೂ ಆಗಲೇ. ಮದುವೆ, ಗೃಹಪ್ರವೇಶ ಬೇಡ ಎಂಬ ಆಚಾರ ನಮ್ಮ ಕಡೆ ಇದೆ, ಅದನ್ನು ಮುರಿಯಿರಿ ಅಂತ ನಾನು ಹೇಳುವುದಿಲ್ಲ. ಮುರಿಯಬೇಕಾದ ಅಗತ್ಯವೂ ನಿಮಗಿಲ್ಲ. ಮನೆ ಖಾಲಿ ಇದೆಯಲ್ಲ, ಜ್ಯೇಷ್ಠ ಮುಗಿಯುವ ಮೊದಲು ಒಂದು ಬೆಳಿಗ್ಗೆ ಬೀಗದ ಕೈ ಕೇಳಿ ಪಡೆಯಿರಿ. ದೇವರ ಪಟ, ದೀಪ, ಒಂದು ಕೊಡ ನೀರು, ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ಅರಿಶಿನ-ಕುಂಕುಮ ತೆಗೆದುಕೊಂಡು ಹೋಗಿ ಹಾಲು ಉಕ್ಕಿಸಿ ಬನ್ನಿ. ಪ್ರವೇಶ ಅಲ್ಲಿಗೆ ಆಯಿತು. ಆಮೇಲೆ ಬೀರು, ಮಂಚ, ಗ್ಯಾಸ್ ಸಿಲಿಂಡರ್ ಯಾವಾಗ ಬಂದರೂ ಅದು ಸಾಮಾನು ಸಾಗಣೆ ಅಷ್ಟೇ. ಮಾಲೀಕರು ಮೊದಲೇ ಕೀ ಕೊಡದಿದ್ದರೆ? ಆಷಾಢದಲ್ಲೇ ಒಳ್ಳೆಯ ದಿನ ನೋಡಿ ದೀಪ ಹಚ್ಚಿ ಒಳಗೆ ಹೋಗಿ, ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆ ಮಾಡಿ. ಹಳೆಯ ಮನೆಗೆ ಶ್ರಾವಣ ಆಗುತ್ತದೆ, ಗುರು ಶುಕ್ರರ ಅಸ್ತವನ್ನೂ ನೋಡಬೇಕಿಲ್ಲ ಎಂದು ಮುಹೂರ್ತ ಚಿಂತಾಮಣಿಯೇ ಹೇಳುತ್ತದೆ.

ದಕ್ಷಿಣದ ಬಾಗಿಲಿಗೆ ಬರೋಣ. ಬಸವನಗುಡಿ, ಮಲ್ಲೇಶ್ವರಗಳು 1890ರ ದಶಕದಲ್ಲಿ ನೇರ ರಸ್ತೆಗಳಿಟ್ಟು ಮಾಡಿದ ಬಡಾವಣೆಗಳು. ಪೂರ್ವ-ಪಶ್ಚಿಮವಾಗಿ ಹೋಗುವ ರಸ್ತೆಯಲ್ಲಿ ಒಂದು ಸಾಲಿನ ಮನೆಗಳು ದಕ್ಷಿಣವನ್ನೇ ನೋಡಬೇಕು, ಬೇರೆ ದಾರಿಯೇ ಇಲ್ಲ. ಆ ಮನೆಗಳಲ್ಲಿ ಮೂರು ನಾಲ್ಕು ತಲೆಮಾರು ಬದುಕಿ ಬಾಳಿದೆ, ಮದುವೆ ಮುಂಜಿ ನಡೆದಿವೆ. ವರಾಹಮಿಹಿರರ ಬೃಹತ್ಸಂಹಿತೆ ಕೂಡ ದಕ್ಷಿಣ ಬಾಗಿಲನ್ನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಆ ಬದಿಯಲ್ಲಿ ಎಂಟು ಸ್ಥಾನಗಳನ್ನು ಹೇಳಿ, ಆಗ್ನೇಯದಿಂದ ಎಣಿಸಿದರೆ ನಾಲ್ಕನೆಯದರಲ್ಲಿ ಬಾಗಿಲಿದ್ದರೆ ಅನ್ನಪಾನ, ಸಂತಾನ ಹೆಚ್ಚುತ್ತದೆ ಎನ್ನುತ್ತದೆ. ಹಾಗಂತ ಟೇಪು ಹಿಡಿದು ಅಳೆಯಲು ಹೋಗಬೇಡಿ! ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಬಚ್ಚಲಲ್ಲಿ ಅತ್ತೆಯವರು ಹಿಡಿದುಕೊಳ್ಳಲು ಕಂಬಿ ಹಾಕಿಸಬಹುದೇ, ಅದನ್ನು ನೋಡಿ.

ಆದರೆ ಅತ್ತೆಯವರ ಭಯ ದಿಕ್ಕಿನದ್ದಲ್ಲ. ಅದು ಗಂಡನನ್ನು ಕಳೆದುಕೊಂಡ ದುಃಖ, ಬಾಗಿಲಿಗೆ ಅಂಟಿಕೊಂಡು ಉಳಿದಿದೆ. ಗ್ರಂಥ ತೋರಿಸಿ ವಾದ ಮಾಡಿದರೆ ಅದು ಹೋಗುವುದಿಲ್ಲ. ಸುಳ್ಳು ಹೇಳುವುದಂತೂ ಬೇಡವೇ ಬೇಡ. ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ ಅಂತ ನೋಡಿದರೆ ಮರುದಿನವೇ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ‘ನನಗೆ ಹೇಳದೆ ಕರೆದುಕೊಂಡು ಬಂದರು’ ಎಂಬ ಮಾತು ಅವರ ಮನಸ್ಸಿನಲ್ಲಿ ಕೂರುತ್ತದೆ. ನಿಮ್ಮ ಯಜಮಾನರು ಕುರ್ಚಿಯ ಮೇಲೆ ಕೂರಿಸಿ ಇಳಿಸಿಯಾದರೂ ಸರಿ, ಅವರನ್ನು ಒಮ್ಮೆ ಆ ಮನೆಗೆ ಕರೆದುಕೊಂಡು ಹೋಗಲಿ. ಮಾವನವರ ಬಗ್ಗೆ ಅವರು ಮಾತಾಡಿದರೆ ತಡೆಯಬೇಡಿ, ಅತ್ತರೆ ಅಳಲಿ. ಬರುವಾಗ ದೊಡ್ಡ ಗಣಪತಿಯ ದರ್ಶನ ಮಾಡಿಸಿ. ಎಂಟು ತಿಂಗಳಾಯಿತಲ್ಲ.

ಕೊನೆಯ ಪ್ರಶ್ನೆಗೆ ನಾನು ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತೇನೆ, ಕ್ಷಮಿಸಿ. ನಾನು ಮನೆ ಕಟ್ಟಿಸಿದ ವರ್ಷ, ಹಾಲು ಉಕ್ಕುವ ಹೊತ್ತಿಗೆ ನೆಂಟರು ಯಾರೋ ನನ್ನ ತಾಯಿಯನ್ನು ಹಿತ್ತಲಿಗೆ ಕಳಿಸಿದರು. ತಂದೆಯವರು ಹೋಗಿ ಆಗ ಎರಡು ವರ್ಷ. ನಾನು ಪೂಜೆಗೆ ಕೂತಿದ್ದೆ, ಕಂಡೂ ಸುಮ್ಮನಿದ್ದೆ. ಅಮ್ಮ ಒಂದು ಮಾತೂ ಆಡಲಿಲ್ಲ, ಪಾತ್ರೆ ತೊಳೆಯುತ್ತಾ ಕೂತರು. ಇಷ್ಟು ವರ್ಷ ಎಷ್ಟೋ ಮನೆಗಳಲ್ಲಿ ಹಾಲು ಉಕ್ಕಿಸಿದ್ದನ್ನು ನೋಡಿದ್ದೇನೆ, ಪ್ರತಿ ಸಲ ಅದೇ ಹಿತ್ತಲು ನೆನಪಾಗುತ್ತದೆ. ಹಾಲು ಉಕ್ಕಿಸುವುದು ಮನೆಯ ಹೆಂಗಸರೇ ನಡೆಸಿಕೊಂಡು ಬಂದ ಆಚಾರ. ಮನೆಯ ಹಿರಿಯರನ್ನೇ ಹೊರಗಿಟ್ಟು ಉಕ್ಕಿಸಿದ ಹಾಲನ್ನು ಯಾವ ದೇವರಿಗೆ ನೈವೇದ್ಯ ಮಾಡುತ್ತೀರಿ? ಕುಲದೇವರ ಪಟವನ್ನು ಅತ್ತೆಯವರ ಕೈಯಲ್ಲೇ ಕೊಡಿ, ಅವರೇ ಮೊದಲು ಹೊಸ್ತಿಲು ದಾಟಲಿ. ಒಲೆಯ ಹತ್ತಿರ ಒಂದು ಸ್ಟೂಲ್ ಹಾಕಿ ಕೂರಿಸಿ, ಹಾಲಿನ ಪಾತ್ರೆಯನ್ನು ನೀವಿಬ್ಬರೂ ಸೇರಿ ಇಡಿ. ನೆಂಟರು ಕೇಳಿದರೆ ನನ್ನ ಮೇಲೆ ಹಾಕಿ.

ಇನ್ನೊಂದು, ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈಗಿನ ಮನೆ ಬಿಡುವ ದಿನ ಗುಡಿಸಿ, ದೇವರ ಗೂಡಿನಲ್ಲಿ ಒಂದು ದೀಪ ಹಚ್ಚಿ, ಅದು ತಾನಾಗಿ ಶಾಂತವಾದ ಮೇಲೆ ಬೀಗ ಹಾಕಿ. ಗಾಜು ಒಡೆದ ಹಳೆಯ ಪಟಗಳನ್ನು ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಬರಬೇಡಿ. ಚೌಕಟ್ಟು, ಗಾಜು ತೆಗೆದು, ಕಾಗದವನ್ನು ನೀರಿನಲ್ಲಿ ನೆನೆಸಿ ಗಿಡದ ಬುಡಕ್ಕೆ ಹಾಕಿ.