ಅಮಲು ಬೇರೆ, ರುಚಿ ಬೇರೆಯೇ?

ದ್ರಾಕ್ಷಾರಸ ಉತ್ಸವ ಹುಬ್ಬಳ್ಳಿಗೆ ಬರುತ್ತದೆಂದರೆ ತಕರಾರೂ ಬೆನ್ನಿಗೇ ಬರುತ್ತದೆ: ಸಿದ್ಧಾರೂಢರ ಊರಲ್ಲಿ ಹೆಂಡದ ಜಾತ್ರೆಯೇ? ಪರವಾಗಿರುವವರ ಉತ್ತರವೂ ಸಿದ್ಧ: ಇದು ಕುಡಿಯುವುದಲ್ಲ, ಸವಿದು ನೋಡುವುದು. ಈ ಮಳಿಗೆಯ ಶಿರಾಜ್ ವೈನ್ ಎಷ್ಟು ಒಗರು, ನಂದಿ ಕಣಿವೆಯ ಹಣ್ಣಿಗೂ ಕೃಷ್ಣಾ ಕಣಿವೆಯ ಹಣ್ಣಿಗೂ ಏನು ಅಂತರ ಎಂದು ತೂಗಿ ನೋಡುವವನನ್ನು ಗಡಂಗಿನಲ್ಲಿ ಕೂತವನ ಸಾಲಿಗೆ ಸೇರಿಸಬಹುದೇ? ಈ ಉತ್ತರವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬುದ್ಧನ ಐದನೆಯ ಶೀಲ ಮದ್ಯವನ್ನು ಬೇಡವೆನ್ನುವುದು ಅದು ಮೈಮರೆವಿಗೆ ಎಡೆಮಾಡುತ್ತದೆಂದು. ರುಚಿ ನೋಡುವುದೇ ಕಸುಬಾದವರು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಹತ್ತು ಬಗೆಯನ್ನು ಹೋಲಿಸುವವನಿಗೆ ಎಚ್ಚರವೇ ಬಂಡವಾಳ. ಅಮಲಿನ ಆಕ್ಷೇಪ ಅವರಿಗೆ ತಾಗದು. (ಜೈನರ ಮಾತು ಬೇರೆ. ರಸ ಹುದುಗುವಾಗ ಹುಟ್ಟಿ ಸಾಯುವ ಜೀವಗಳೂ ಅವರ ಲೆಕ್ಕದಲ್ಲಿವೆ. ಉಗುಳಿದರೆ ಆ ಹಿಂಸೆ ಕಳೆಯದು.)

ಆದರೆ ಗೀತೆಯ ಎರಡನೆಯ ಅಧ್ಯಾಯ ಇನ್ನೂ ಬಿಗಿಯಾದ ಪ್ರಶ್ನೆ ಎತ್ತುತ್ತದೆ. ಉಪವಾಸವಿದ್ದವನಿಂದ ವಿಷಯಗಳು ದೂರವಾದರೂ ಅವುಗಳ ರುಚಿ ಒಳಗೇ ಉಳಿಯುತ್ತದೆ, ಪರತತ್ತ್ವವನ್ನು ಕಂಡಾಗಲಷ್ಟೇ ಅದೂ ಅಳಿಯುತ್ತದೆ ಎನ್ನುತ್ತದೆ ಅದು. ಹಾಗಿದ್ದರೆ ಉಗುಳುವವನು ಬಿಟ್ಟದ್ದು ಮದ್ಯವನ್ನು, ಸಾಕಿ ಬೆಳೆಸಿದ್ದು ರುಚಿಯನ್ನು. ಸಂನ್ಯಾಸಿಯ ಮಟ್ಟಿಗೆ ಇದಕ್ಕೆ ಮರುಮಾತಿಲ್ಲ. ಸಂಸಾರಿಗೆ? ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹೆಸರಿನ ಅಹೋರಾತ್ರಿ ಸಂಗೀತಕ್ಕೆ ಕೂತವರು ಕೇಳುವುದೂ ರಸಕ್ಕಾಗಿಯೇ. ಗಂಗೂಬಾಯಿ ಹಾನಗಲ್ಲರ ಕಿರಾಣಾ ಗಾಯನವನ್ನೂ ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಶೈಲಿಯನ್ನೂ ಎದುರುಬದುರು ಇಟ್ಟು ವಾದಿಸುವ ಧಾರವಾಡದವರನ್ನು ಇಂದ್ರಿಯಲೋಲುಪರೆಂದು ಯಾರೂ ಬೈಯುವುದಿಲ್ಲ. ಕಿವಿಗೆ ಕೊಟ್ಟ ಮನ್ನಣೆಯನ್ನು ನಾಲಿಗೆಗೆ ನಿರಾಕರಿಸಬೇಕಾದರೆ ಕಾರಣ ರುಚಿಯಾಚೆ ಇರಬೇಕು.

ಆ ಕಾರಣ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ರಾಜರ ಕ್ರೀಡೆಗಳ ಪಟ್ಟಿಗೆ ಸೇರಿಸಿದ. ಅರಮನೆಯಲ್ಲಿ ಕುಡಿದರೆ ಕ್ರೀಡೆ, ಕೇರಿಯಲ್ಲಿ ಕುಡಿದರೆ ಕೇಡು ಎಂಬ ಭೇದ ನಮಗೆ ಹೊಸತಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಯಾದದ್ದು 2007ರ ಜುಲೈ 1ರಂದು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ 2007ರದ್ದೇ. ಸಾರಾಯಿ ಮನೆಗಳನ್ನು ಹಾಳುಮಾಡಿತ್ತು, ಹೆಂಗಸರು ಹೋರಾಡಿದ್ದು ನ್ಯಾಯವೇ. ವೈನ್ ಅಷ್ಟು ತೀಕ್ಷ್ಣವಲ್ಲ, ದ್ರಾಕ್ಷಿ ಬೆಳೆಗಾರನಿಗೂ ಆಸರೆ ಎಂಬ ವಾದದಲ್ಲೂ ಸತ್ಯದ ಅಂಶವಿದೆ, ವಿಜಯಪುರದ ಕಡೆಯ ಹಣ್ಣು ಬಹುಪಾಲು ಒಣದ್ರಾಕ್ಷಿಗೋ ತಿನ್ನುವುದಕ್ಕೋ ಹೋಗುತ್ತದೆ ಎಂಬುದನ್ನು ಮರೆಯದಿದ್ದರೆ. ಆದರೆ ಪೂರ್ತಿ ಬಾಟಲಿ ಇಳಿಸಿದವನಿಗೆ ಹನ್ನೆರಡು-ಹದಿಮೂರು ಶೇಕಡಾ ಆಲ್ಕೋಹಾಲ್ ಏನೂ ಕಡಿಮೆಯಲ್ಲ. ಬಡವನನ್ನು ಅಮಲಿನಿಂದಲೂ ಉಳ್ಳವನನ್ನು ರುಚಿಯಿಂದಲೂ ಅಳೆಯುವುದು ಧರ್ಮವಿಚಾರವಲ್ಲ, ಅಂತಸ್ತಿನ ವಿಚಾರ. ಸವಿಯುವುದು ಕುಡಿಯುವುದಲ್ಲ ಎಂಬ ಮಾತು ಗ್ಲಾಸಿನ ಬೆಲೆಯಿಂದ ನಿಜವಾಗದು, ಉಗುಳುವುದರಿಂದ ಮಾತ್ರ ಆದೀತು. ಮಳಿಗೆಯ ಮೇಜಿನ ಮೇಲೆ ಉಗುಳುವ ಪಾತ್ರೆ ಇಟ್ಟರೆ ಉತ್ಸವದವರ ವಾದವನ್ನು ಒಪ್ಪಬಹುದು. ರಿಯಾಯಿತಿ ದರದ ಫಲಕವೊಂದೇ ಇದ್ದರೆ ತಕರಾರು ತೆಗೆದವರೇ ಸರಿ.