ಲೆಕ್ಕಕ್ಕೆ ಬಾರದ ಮೀನು

ದುರ್ಬಲರನ್ನು ನಾವು ಏಕೆ ಪ್ರೀತಿಸಬೇಕು? ಮುಂದೊಂದು ದಿನ ಅವರು ಬಲಶಾಲಿಗಳಾಗುವರೆಂಬ ಕಾರಣಕ್ಕೋ, ಇಲ್ಲವೇ ಇರುವ ಹಾಗೆಯೇ ಅವರು ಪ್ರೀತಿಗೆ ಅರ್ಹರೆಂಬ ಕಾರಣಕ್ಕೋ? ಈ ಪ್ರಶ್ನೆಯನ್ನು ದೊಡ್ಡ ಗ್ರಂಥಗಳಲ್ಲಿ ಹುಡುಕುವ ಮೊದಲು ನಿಮ್ಮ ಮನೆಯ ಮಕ್ಕಳು ಆಡುವ ಆಟವೊಂದನ್ನು ಗಮನಿಸಿರಿ.

1996ರಲ್ಲಿ ಜಪಾನಿನಲ್ಲಿ ಆರಂಭವಾದ ಪೋಕೆಮಾನ್ ಎಂಬ ವಿಡಿಯೋ ಆಟದಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಒಂದರೊಡನೊಂದು ಸೆಣಸಲು ಬಿಡುತ್ತಾರೆ. ಅವುಗಳ ಪಟ್ಟಿಯಲ್ಲಿ 129ನೆಯದು ಮ್ಯಾಜಿಕಾರ್ಪ್ ಎಂಬ ಕೆಂಪು ಮೀನು. ಇದು ಗೆಂಡೆಯ ರೂಪದ್ದು. ನಮ್ಮ ನಾಡಿನ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹುಗಳ ಬಳಗದ್ದು. ಆರಂಭದಲ್ಲಿ ಅದು ಬಲ್ಲ ವಿದ್ಯೆ ಒಂದೇ: ಪಟಪಟನೆ ಚಿಮ್ಮಿ ಒದ್ದಾಡುವುದು. ಅದರಿಂದ ಎದುರಾಳಿಯ ಕೂದಲೂ ಕೊಂಕದು. ಮೊದಲ ಆಟದಲ್ಲಿ ವ್ಯಾಪಾರಿಯೊಬ್ಬ ಈ ಮೀನನ್ನು ಬಾಯ್ತುಂಬ ಹೊಗಳಿ ಆಟದ ಹಣದ ಲೆಕ್ಕದಲ್ಲಿ 500ಕ್ಕೆ ಮಾರುತ್ತಾನೆ. ಆದರೆ ತಾಳ್ಮೆಯಿಂದ 20ನೆಯ ಹಂತದವರೆಗೆ ಸಾಕಿದರೆ ಅದೇ ಮೀನು ಗ್ಯಾರಡೋಸ್ ಎಂಬ ಮಹಾಸರ್ಪವಾಗಿ ಮಾರ್ಪಡುತ್ತದೆ.

ಇದರ ಹಿಂದೆ ಚೀನಾದ ಪುರಾತನ ಐತಿಹ್ಯವೊಂದಿದೆ. ಹಳದಿ ನದಿಯ ಸೆಳವಿಗೆ ಎದುರಾಗಿ ಈಜಿ ಡ್ರ್ಯಾಗನ್ ದ್ವಾರವನ್ನು ಹಾರಿ ದಾಟಿದ ಗೆಂಡೆಮೀನು ಡ್ರ್ಯಾಗನ್ ಆಗುತ್ತದಂತೆ. ಚಕ್ರವರ್ತಿಗಳ ಕಾಲದಲ್ಲಿ ರಾಜಸೇವೆಯ ಪರೀಕ್ಷೆಯಲ್ಲಿ ಗೆದ್ದವನನ್ನು ಆ ದ್ವಾರ ದಾಟಿದವನೆಂದೇ ವರ್ಣಿಸುತ್ತಿದ್ದರು. ಜಪಾನಿನಲ್ಲಿ ಮೇ 5ರ ಮಕ್ಕಳ ಹಬ್ಬಕ್ಕೆ ಇಂದಿಗೂ ಮನೆಗಳ ಮುಂದೆ ಬಟ್ಟೆಯ ಗೆಂಡೆಮೀನುಗಳನ್ನು ಹಾರಿಸುತ್ತಾರೆ. ನಮ್ಮ ಮಗುವೂ ಹೀಗೆಯೇ ಮೇಲೇರಲಿ ಎಂಬುದು ತಂದೆತಾಯಿಯರ ಹಾರೈಕೆ.

ಈ ಹಾರೈಕೆ ನಮಗೇನೂ ಹೊಸದಲ್ಲ. ಗುಬ್ಬಿಯಿಂದಲೂ ಕುಣಿಗಲ್‌ನಿಂದಲೂ ಮಕ್ಕಳನ್ನು ತುಮಕೂರಿನ ಕಾಲೇಜುಗಳಿಗೆ ಕಳುಹಿಸುವ ತಂದೆತಾಯಿಯರ ಮನದಲ್ಲಿರುವುದೂ ಇದೇ. ಅಂಕ ಕಡಿಮೆ ಬಂದ ಮಗುವಿನ ಬೆನ್ನು ತಟ್ಟಿ, "ಇರಲಿ, ಮುಂದೆ ನೀನೇ ಎಲ್ಲರನ್ನೂ ಮೀರಿಸುವೆ" ಎನ್ನುತ್ತೇವೆ. ಮಾತು ಒಳ್ಳೆಯದೇ. ಆದರೆ ಅದರೊಳಗೆ ಒಂದು ಷರತ್ತು ಅಡಗಿಲ್ಲವೇ? ಎಂದಿಗೂ ಯಾರನ್ನೂ ಮೀರಿಸದ ಮಗುವಿಗೆ ನಾವು ಏನು ಹೇಳುವೆವು? ಬುದ್ಧಿಮಾಂದ್ಯವಿರುವ ಮಗಳು, ಹಾಸಿಗೆ ಹಿಡಿದ ಅಜ್ಜ, ಎಷ್ಟು ದುಡಿದರೂ ಕೈಗೂಡದ ತಮ್ಮ: ಇವರಿಗೆ 20ನೆಯ ಹಂತ ಎಂಬುದೇ ಇಲ್ಲ. ಮುಂದಿನ ಲಾಭವನ್ನು ನಂಬಿ ಇಂದು ತೋರುವ ಅಕ್ಕರೆಯನ್ನು ಪ್ರೀತಿ ಎನ್ನುವುದಕ್ಕಿಂತ ಬಂಡವಾಳ ಎನ್ನುವುದೇ ಸರಿ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂನಲ್ಲಿ ಮರಿಯನ್ನು ಅದರ ಓಟದಿಂದ ಅಳೆಯುವುದು ಸಹಜ. ಮನೆಯಲ್ಲಿ ಮಗುವನ್ನು ಹಾಗೆ ಅಳೆಯಬಹುದೇ?

ಇಲ್ಲಿ ಗುಬ್ಬಿ ಎಂಬ ಊರ ಹೆಸರೇ ನಮಗೊಂದು ಪಾಠವಾಗಬಲ್ಲದು. ಪುರಾಣ ಶ್ರವಣಕ್ಕೆ ಬರುತ್ತಿದ್ದ ಗುಬ್ಬಚ್ಚಿಗಳ ಕಥೆಯೊಂದಿಗೆ ಜನರು ಈ ಹೆಸರನ್ನು ಜೋಡಿಸುತ್ತಾರೆ. ಯೇಸುಸ್ವಾಮಿಯೂ ಗುಬ್ಬಚ್ಚಿಗಳ ಮಾತನ್ನಾಡಿದರು. ಸಂತ ಮತ್ತಾಯರ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಚ್ಚಿಗಳು. ಸಂತ ಲೂಕರ 12ನೆಯ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡಿರಿ: ಎರಡು ಕಾಸಿಗೆ ನಾಲ್ಕು ಬರಬೇಕು. ಐದನೆಯದು ಕೊಸರು. ಸಂತೆಯಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲವೆಂದು ಸ್ವಾಮಿ ಹೇಳುವಾಗ ಆ ಕೊಸರು ಗುಬ್ಬಚ್ಚಿಯೂ ಸೇರಿತು. ಅದು ಮುಂದೆ ಗರುಡನಾಗುವುದೆಂದು ಅವರು ಹೇಳಲಿಲ್ಲ. ಗುಬ್ಬಚ್ಚಿಯಾಗಿಯೇ ಅದು ತಂದೆಯ ನೆನಪಿನಲ್ಲಿದೆ.

ಹಾಗಾದರೆ ಮಕ್ಕಳು ಬೆಳೆಯಲೆಂದು ಆಶಿಸುವುದೇ ತಪ್ಪೇ ಎಂದು ನೀವು ಕೇಳಬಹುದು. ಖಂಡಿತ ತಪ್ಪಲ್ಲ. ಫಲ ಕೊಡದ ಅಂಜೂರದ ಮರಕ್ಕಾಗಿ ಇನ್ನೊಂದು ವರ್ಷದ ಗಡುವು ಬೇಡಿ, ಬುಡ ಅಗೆದು ಗೊಬ್ಬರ ಹಾಕಲು ಮುಂದಾದ ತೋಟಗಾರನ ಸಾಮತಿಯೂ ಅದೇ ಶುಭಸಂದೇಶದಲ್ಲಿದೆ. ಆದರೆ ಯಾವ ಬಗೆಯ ಬೆಳವಣಿಗೆ ಎಂಬುದನ್ನು ವಿವೇಚಿಸಬೇಕು. ಆಟದ ವಿವರಣೆಯ ಪ್ರಕಾರ ಗ್ಯಾರಡೋಸ್ ಕೋಪದ ಮುದ್ದೆ. ಕೆರಳಿತೆಂದರೆ ಊರುಗಳನ್ನೇ ಸುಟ್ಟು ಹಾಳುಮಾಡುತ್ತದೆ. ಯಾರಿಗೂ ಕೇಡೆಣಿಸದ ಮೀನು ಬಲ ಪಡೆದು ಎಲ್ಲರನ್ನೂ ನಡುಗಿಸುವಂತಾದರೆ ಅದನ್ನು ಏಳಿಗೆ ಎನ್ನೋಣವೇ? ಗೆಲ್ಲಲೇಬೇಕೆಂಬ ಒತ್ತಡದಲ್ಲಿ ಬೆಳೆದು, ಗೆದ್ದ ಮೇಲೆ ತಮಗಿಂತ ಕೆಳಗಿನವರನ್ನು ಕಣ್ಣೆತ್ತಿ ನೋಡದವರನ್ನು ನಾವೆಲ್ಲರೂ ಕಂಡಿದ್ದೇವೆ.

ಆಟದಲ್ಲಿ ಇನ್ನೊಂದು ಸಂಗತಿಯುಂಟು. ಅದು ಧ್ಯಾನಕ್ಕೆ ಯೋಗ್ಯವಾದುದು. ತಾನಾಗಿ ಹೋರಾಡಲಾರದ ಆ ಮೀನನ್ನು ಮಕ್ಕಳು ಸೆಣಸಿನಲ್ಲಿ ಮೊದಲು ನಿಲ್ಲಿಸಿ, ಕೂಡಲೇ ಹಿಂದಕ್ಕೆ ಕರೆದು, ಅದರ ಜಾಗಕ್ಕೆ ಬಲವುಳ್ಳ ಇನ್ನೊಂದನ್ನು ಕಳುಹಿಸುತ್ತಾರೆ. ಪೆಟ್ಟು ತಿನ್ನುವುದು ಬಲವುಳ್ಳದ್ದು. ದೊರೆತ ಅನುಭವದಲ್ಲಿ ಮೀನಿಗೂ ಪಾಲು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಸಂತ ಪೌಲರು ಗಲಾತ್ಯದ ಸಭೆಗೆ ಬರೆದದ್ದು ಇದನ್ನೇ ಅಲ್ಲವೇ? ನಮ್ಮ ಪರವಾಗಿ ಶಿಲುಬೆಯಲ್ಲಿ ಪೆಟ್ಟು ತಿಂದವರೊಬ್ಬರಿದ್ದಾರೆ. ಆ ಜಯದಲ್ಲಿ ನಮಗೆ ದೊರೆತ ಪಾಲು ನಮ್ಮ ಗಳಿಕೆಯಲ್ಲ. ದೇವರ ಮುಂದೆ ನಾವೆಲ್ಲರೂ ಆ ಕೆಂಪು ಮೀನುಗಳೇ.

ಆದುದರಿಂದ ಪ್ರಿಯ ತಂದೆತಾಯಿಯರೇ, ಈ ಬಾರಿ ಫಲಿತಾಂಶದ ದಿನ ಅಂಕಪಟ್ಟಿಯನ್ನು ನೋಡುವ ಮೊದಲು ಮಗುವಿನ ಮುಖವನ್ನು ನೋಡಿರಿ. "ಮುಂದೆ ದೊಡ್ಡವನಾಗುವೆ" ಎನ್ನುವುದಕ್ಕೆ ಮೊದಲು "ನೀನು ನಮ್ಮವನು" ಎನ್ನಿರಿ. ಬೆಳೆದರೆ ದೇವರಿಗೆ ಸ್ತೋತ್ರ ಸಲ್ಲಿಸೋಣ. ಬೆಳೆಯದಿದ್ದರೂ ಊಟದ ಪಂಕ್ತಿಯಲ್ಲಿ ಅವನ ಎಲೆ ಇದ್ದಲ್ಲಿಯೇ ಇರಲಿ.